ನಡುಗೋಡೆಯ ಕಿಂಡಿ

ಬೆಳಿಗ್ಗೆಯಿಂದ ನಾನು ಒಂದು ಕಡೆ ಕೂತಿಲ್ಲ. ಮೊಸುಲಿನ ಹಳೇ ಪೇಟೆಯ ನಮ್ಮ ಗಲ್ಲಿಯಲ್ಲಿ ಯಾವ ಮನೆಗೂ ತನ್ನದೇ ಅನ್ನುವ ನಾಲ್ಕು ಗೋಡೆಗಳಿಲ್ಲ; ಪಕ್ಕದವರ ಗೋಡೆಯೇ ನಮ್ಮ ಗೋಡೆ. ಬಾಂಬಿಗೆ ಒಟ್ಟಿಗೇ ಬಿದ್ದವು, ಏಳುವುದಾದರೂ ಒಟ್ಟಿಗೇ ಏಳಬೇಕು. ಹಾಗಾಗಿ ಏಳು ಮನೆಯವರು ಸೇರಿ ಒಂದೊಂದೇ ಮನೆ ಕಟ್ಟುತ್ತಿದ್ದೇವೆ. ನಡುಗೋಡೆಯ ನಕ್ಷೆಗೆ ಎರಡೂ ಮನೆಯವರು ರುಜು ಹಾಕದೆ ಒಂದು ಕಲ್ಲನ್ನೂ ಇಡುವಂತಿಲ್ಲ. ಇವತ್ತು ನನ್ನ ಸರದಿ. ತಪ್ಪಿದರೆ ಮೇಸ್ತ್ರಿಗಳು ಮುಂದಿನ ಗಲ್ಲಿಗೆ ಹೋಗುತ್ತಾರೆ, ನಾನು ನದಿಯಾಚೆಯ ಬಾಡಿಗೆ ಕೋಣೆಯಲ್ಲಿ ಇನ್ನೊಂದು ಚಳಿಗಾಲ ಕೊಳೆಯಬೇಕು.

ಎಲ್ಲರೂ ಕಲ್ಲು ತಂದಿಟ್ಟು ಕಾಯುತ್ತಿದ್ದರು. ಪಕ್ಕದ ಮನೆಯ ಉಮ್ ಗಾನಿಮ್ ಮಾತ್ರ ನಕ್ಷೆ ಹಿಡಿದು ಕಂಬದ ಹಾಗೆ ನಿಂತಿದ್ದಳು.

"ಇದ್ರಲ್ಲಿ ಕಿಂಡಿ ಎಲ್ಲಿ, ನಜಲಾ?"

ಹಳೇ ಗೋಡೆಯಲ್ಲಿ ಎದೆಯೆತ್ತರಕ್ಕೆ ಒಂದು ಕಿಂಡಿಯಿತ್ತು, ಮರದ ಬಾಗಿಲಿನದು. ಮಾಂಸ ತುಂಬಿದ ನನ್ನ ಕುಬ್ಬೆ ಆ ಕಡೆ, ಅವಳ ಉಪ್ಪಿನಕಾಯಿ ಈ ಕಡೆ. ಮೂವತ್ತು ವರ್ಷ ನಡೆಯಿತು. ಹೊಸ ನಕ್ಷೆ ಬರೆದ ಇಂಜಿನಿಯರಿಗೆ ಕಿಂಡಿ ಬೇಡವೆಂದವಳು ನಾನೇ.

"ಕಿಂಡಿ ಇಲ್ಲ. ರುಜು ಹಾಕು."

"ಹಾಕಲ್ಲ."

"ಏನೇ ನಿನ್ನ ಹಟ? ಗಲ್ಲಿಗೆ ಗಲ್ಲೀನೇ ಕಾಯ್ತಾ ಇದೆ!"

"ನಿಮ್ಮ ಜಗಳ ಮುಗಿಯೋವರ್ಗೂ ಗಾರೆ ಕಲಸಲ್ಲಮ್ಮಾ," ಅಂದ ಮೇಸ್ತ್ರಿ ದನ್ನೂನ್. "ಜಿಪ್ಸಮ್ಮು ನಿಮ್ಮಷ್ಟು ಹೊತ್ತು ತಡ್ಕೊಳಲ್ಲ, ಚಹಾ ಕುಡಿಯೋದ್ರೊಳಗೆ ಕಲ್ಲಾಗುತ್ತೆ."

ಎಲ್ಲರೂ ನಕ್ಕರು. ನನಗೆ ಮೈ ಉರಿಯಿತು. ಅವಳ ಕೈ ಹಿಡಿದು ಮುರುಕು ಗೋಡೆಯ ಮರೆಗೆ ಎಳೆದೆ.

ಕರಿಬಾವುಟದ ಉಗ್ರರು ಊರು ಹಿಡಿದಿದ್ದ ಕಾಲದಲ್ಲಿ ಮನೆಯಲ್ಲಿ ಮೊಬೈಲ್ ಸಿಕ್ಕಿದರೆ ತಲೆ ಹೋಗುತ್ತಿತ್ತು. ನನ್ನ ಗಂಡ ಹಾಝಿಮ್ ಅಡುಗೆಮನೆಯ ಮೂಲೆಯಲ್ಲಿ ನಿಂತು ಊರಾಚೆಯ ತಮ್ಮನ ಜೊತೆ ಮೊಬೈಲಿನಲ್ಲಿ ಪಿಸುಗುಟ್ಟುತ್ತಿದ್ದ. ಒಂದು ಮಧ್ಯಾಹ್ನ ಬಂದು ಎಳೆದೊಯ್ದರು. ಹೆಣವೂ ಸಿಗಲಿಲ್ಲ.

"ಆ ಮೂಲೆ ಕಾಣ್ತಿದ್ದದ್ದು ನಿನ್ನ ಕಿಂಡಿಯಿಂದ ಮಾತ್ರ. ಅವರಿಗೆ ಹೇಳಿದ್ಯಾರು?"

ಆಣೆ ಹಾಕುತ್ತಾಳೆ, ಅಳುತ್ತಾಳೆ ಅಂದುಕೊಂಡಿದ್ದೆ.

"ಗಾನಿಮ್," ಅಂದಳು.

ಅವಳ ಒಬ್ಬನೇ ಮಗ; ಅವನ ತಾಯಿ ಅಂತಲೇ ಅವಳನ್ನು ಉಮ್ ಗಾನಿಮ್ ಅನ್ನುವುದು. ಯುದ್ಧದ ಕೊನೆಯ ವಾರದ ಶೆಲ್ಲಿಗೆ ಸತ್ತವನು, ಹದಿನೇಳು ವರ್ಷದವನು.

"ಸಿಗರೇಟು ಸೇದಿದ ಅಂತ ಹಿಡ್ಕೊಂಡು ಹೋಗಿ ಬೆನ್ನು ಸುಲಿದ್ರು. ಬಿಟ್ಬಿಡಿ, ಒಂದು ವಿಷ್ಯ ಹೇಳ್ತೀನಿ ಅಂದನಂತೆ. ಮನೆಗೆ ಬಂದು ನನ್ನ ಮಡಿಲಲ್ಲಿ ಬಿದ್ದು ಅತ್ತ. ಸಾಯೋವರ್ಗೂ ಆ ಕಿಂಡಿ ಹತ್ರ ಸುಳೀಲಿಲ್ಲ."

"ಮತ್ತೆ ನಿಂಗ್ಯಾಕೆ ಕಿಂಡಿ?"

"ಮುಚ್ಚಿಬಿಟ್ರೆ ನೀನು ಕೇಳಲ್ಲ, ನಾನು ಹೇಳಲ್ಲ. ಹಾಗೇ ಸತ್ತು ಹೋಗ್ತೀವಿ ಅಂತಿತ್ತು. ಈಗ ಹೇಳಾಯ್ತು. ಕೊಡು ಪೆನ್ನು."

ನಕ್ಷೆಯನ್ನು ಮೊಣಕಾಲ ಮೇಲಿಟ್ಟು ರುಜು ಹಾಕಿ ನನ್ನ ಕೈಗಿಟ್ಟಳು. ನಾನು ಬಯಸಿದ್ದು ಅಷ್ಟೇ. ಮನೆ ನನ್ನದಾಯಿತು. ಹಾಝಿಮನನ್ನು ಹಿಡಿದುಕೊಟ್ಟವನ ಮೇಲೆ ಇಷ್ಟು ವರ್ಷ ಹಲ್ಲು ಕಡಿದಿದ್ದೆ; ಈಗ ನೆನಪಾದದ್ದು ಕಿಂಡಿಯಲ್ಲಿ ಕೈ ಚಾಚಿ "ಚಿಕ್ಕಮ್ಮಾ, ಇನ್ನೊಂದು ಕುಬ್ಬೆ" ಅನ್ನುತ್ತಿದ್ದ ಹುಡುಗ. ಅವನನ್ನೂ ಕ್ಷಮಿಸಲಾರೆ, ಅವಳನ್ನೂ ಕ್ಷಮಿಸಲಾರೆ.

"ಕಲಸ್ಲಾ?" ದನ್ನೂನ್ ಕೂಗಿದ.

"ಕಲಸು. ಎದೆಯೆತ್ತರಕ್ಕೆ ಒಂದು ಕಿಂಡಿ ಬಿಡು," ಅಂದೆ. "ಚಿಲಕ ನನ್ನ ಕಡೆಗೆ ಮಾತ್ರ."

ನಕ್ಷೆ ತಿದ್ದಿ ಇಬ್ಬರೂ ಮತ್ತೆ ರುಜು ಹಾಕಿದೆವು. ಉಮ್ ಗಾನಿಮ್ ನನ್ನ ಮುಖ ನೋಡದೆ ಕೇಳಿದಳು, "ತೆಗೀತೀಯಾ?"

"ಗೊತ್ತಿಲ್ಲ," ಅಂದೆ. "ನಾನಾಗಿ ತೆಗೆಯೋವರ್ಗೂ ತಟ್ಟಬೇಡ."