ಬಾಗಿಲ ಹಿಂದಿನ ದನಿ

"ಮಾವಾರ, ಇನ್ನೊಂದು ರೊಟ್ಟಿ ಹಾಕ್ಲೇನ್ರಿ?"

ಮಹೇಶ್ವರಿ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಕೇಳಿದಳು. ಪಡಸಾಲೆಯಲ್ಲಿ ಉಣ್ಣುತ್ತಿದ್ದ ರಾಚಪ್ಪ ಉತ್ತರ ಕೊಡಲಿಲ್ಲ. ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ಕೈಯಲ್ಲಿದ್ದ ರೊಟ್ಟಿಯನ್ನು ಬುಟ್ಟಿಗೆ ಹಾಕಿ ಮುಚ್ಚಿದಳು.

ರಾಚಪ್ಪ ಕೈ ತೊಳೆದು ಹಿತ್ತಲಿಗೆ ಹೋದ. ಅಲ್ಲಿ ಹೆಂಡತಿ ದಾನಮ್ಮ ಬಟ್ಟೆ ಒಣಹಾಕುತ್ತಿದ್ದಳು.

"ಒಂದ್ ರೊಟ್ಟಿ ಬೇಕೇನು ಅಂತ ಕೇಳೂ ಮಂದಿ ಇಲ್ಲ ನೋಡು ಈ ಮನ್ಯಾಗ."

"ಬೇಕಂದ್ರ ಅಕೀನ ಕೇಳ್ರಿ. ಬಾಯಿ ಇಲ್ಲೇನು ನಿಮಗ?"

"ನಾ ಕೇಳೂದಾ? ಅಕಿ ನನ್ನ ಕೂಡ ಮಾತು ಬಿಟ್ಟು ಎರಡು ವರ್ಷಾತು."

ಎರಡು ವರ್ಷದ ಹಿಂದೆ ಅವರ ಒಬ್ಬನೇ ಮಗ ಚೇತನಕುಮಾರ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದ. ಮಹೇಶ್ವರಿ ಅವನ ಹೆಂಡತಿ. ಇಳಕಲ್ಲಿನ ಈ ಮನೆಯಿಂದಲೇ ದಿನವೂ ಹುನಗುಂದಕ್ಕೆ ಹೋಗಿ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾಳೆ. ತಿಂಗಳ ಕರ್ಮಗಳೆಲ್ಲ ಮುಗಿದ ಮೇಲೆ ರಾಚಪ್ಪನ ಅಕ್ಕ ಶಾರವ್ವ ಅವಳನ್ನು ಒಳಗೆ ಕರೆದು, "ಮುಂಜಾನೆ ಅಂವ ಮಗ್ಗದ ಶೆಡ್ಡಿಗೆ ಹೊಂಡೂ ಹೊತ್ತಿನ್ಯಾಗ ಎದುರಿಗೆ ಬರಬ್ಯಾಡವಾ. ಏನರ ಹೇಳೂದಿದ್ರ ಒಳಗಿಂದ ಹೇಳು" ಎಂದಿದ್ದಳು. ಮಹೇಶ್ವರಿಗೆ ಅದರಲ್ಲಿ ನಂಬಿಕೆ ಇರಲಿಲ್ಲ. ಆದರೆ ಆಗ ಎದುರಾಡುವ ತ್ರಾಣವೂ ಇರಲಿಲ್ಲ. ಮುಂಜಾನೆಯ ರೂಢಿ ಬರುಬರುತ್ತ ಇಡೀ ದಿನಕ್ಕೆ ಹಬ್ಬಿತು. ಬಾಗಿಲ ಹಿಂದಿನಿಂದ ಕೇಳಿದ್ದಕ್ಕೆ ಮಾವನಿಂದ ಉತ್ತರ ಬರುತ್ತಿರಲಿಲ್ಲ. ಮಗನಿಲ್ಲದ ಮನೆಯಲ್ಲಿ ತನ್ನ ದನಿಯೂ ಅವರಿಗೆ ಬೇಡವಾಗಿದೆ ಎಂದು ಅವಳು ತಿಳಿದಳು. ಆಮೇಲೆ ಕೇಳುವುದನ್ನೂ ಕಡಿಮೆ ಮಾಡಿದಳು.

ಅವಳ ತವರು ಬಾದಾಮಿ. ಅಲ್ಲಿಯ ಕಾಲೇಜಿಗೆ ವರ್ಗ ಮಾಡಿಸಿಕೊಳ್ಳುವ ಅವಕಾಶ ಬಂದಿತ್ತು. ತಿಂಗಳ ಕೊನೆಯೊಳಗೆ ಹೂಂ ಅನ್ನಬೇಕು, ಇಲ್ಲ ಬಿಡಬೇಕು. ದಾನಮ್ಮನಿಗೆ ಅದು ಗೊತ್ತಿತ್ತು. ರಾಚಪ್ಪನಿಗೂ ಹೆಂಡತಿಯಿಂದ ಗೊತ್ತಾಗಿತ್ತು. ಹೋಗಬೇಡ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಮಾತೇ ಆಡದವಳಿಗೆ ಹೇಗೆ ಹೇಳುವುದು?

ಅದಕ್ಕೆ ಬದಲಾಗಿ ಒಂದು ಮುಂಜಾನೆ ಅವನು ಹೆಂಡತಿಗೆ, "ಮ್ಯಾಲಿನ ಖೋಲಿ ಮುಗಸೂಣ" ಎಂದ.

ಮಹಡಿಯ ಆ ಕೋಣೆಯಲ್ಲಿ ಸಿನಿಮಾ ನೋಡಲು ಹೋಮ್ ಥಿಯೇಟರ್ ಮಾಡಬೇಕೆಂದು ಚೇತನ ಗೋಡೆಯೊಳಗೆಲ್ಲ ವೈರು ಎಳೆಸಿದ್ದ. ಗೋಡೆಯಿಂದ ಹೊರಬಂದ ವೈರಿನ ತುದಿಗಳು ಹಾಗೆಯೇ ಜೋತು ಬಿದ್ದಿದ್ದವು.

"ಅಯೂಬನ ಅಂಗಡಿಗೆ ಹೋಗಿ ಮಷಿನ್ ನೋಡಿ ಬರೂಣ. ಅಕೀನೂ ಬರಾಕ ಹೇಳು. ಅಕಿಗೆ ತಿಳಿತೈತಿ."

ಭಾನುವಾರ ಮಹೇಶ್ವರಿಯೇ ಕಾರು ನಡೆಸಿದಳು. ಬಾಗಲಕೋಟೆಯ ನವನಗರ ಮುಟ್ಟುವವರೆಗೆ ಇಬ್ಬರೂ ಮಾತಾಡಲಿಲ್ಲ.

ಅಯೂಬ ಚೇತನನ ಜೊತೆ ಓದಿದವನು. ಅಂಗಡಿಯ ಹಿಂದೆ, ಗೋಡೆಗೆ ದಪ್ಪ ಬಟ್ಟೆ ಹೊದಿಸಿದ ಒಂದು ಕೋಣೆಯಲ್ಲಿ ದೊಡ್ಡ ಟಿವಿ, ಸುತ್ತ ಐದು ಸ್ಪೀಕರು. ಅವನು ಮೊದಲು ಅಂಗೈಯಗಲದ ಒಂದು ಪೆಟ್ಟಿಗೆ ತೋರಿಸಿದ.

"ಇದಕ್ಕ ಡಿಸ್ಕ್ ಎಲ್ಲಿ ಹಾಕೂದೋ?" ಎಂದ ರಾಚಪ್ಪ.

"ಇದಕ್ಕ ಡಿಸ್ಕ್ ಇಲ್ಲ ಕಾಕಾ. ಎಲ್ಲಾ ಇಂಟರ್‌ನೆಟ್‌ನ್ಯಾಗ ಬರ್ತೈತಿ."

"ನಮ್ಮ ಚೇತನಂದು ಟ್ರಂಕ್ ತುಂಬ ಡಿಸ್ಕ್ ಅದಾವು. ಅವ್ನ ದೇವರ ಜಗಲಿಮ್ಯಾಗ ಇಟ್ಟು ಪೂಜಿ ಮಾಡ್ಲೇನು?"

ಅಯೂಬ ನಕ್ಕು ಇನ್ನೊಂದನ್ನು ಇಳಿಸಿದ. "ಹಂಗಿದ್ರ ಇದು. ಡಿಸ್ಕೂ ಓದ್ತೈತಿ, ನೆಟ್‌ನ್ಯಾಗಿನ ಸಿನಿಮಾನೂ ತೋರಸ್ತೈತಿ. ಹಳೇ ಡಿಸ್ಕಿನ ಚಿತ್ರ ದೊಡ್ಡ ಟಿವಿಗೆ ಹೊಂದೂ ಹಂಗ ತಿದ್ದತೈತಿ. ಆದ್ರ ಮೊದಲ ಒಂದು ಖರೆ ಹೇಳಿಬಿಡ್ತೇನಿ. ಡಿಸ್ಕ್ ಓದೂದು ಗಟ್ಟಿ. ನೆಟ್‌ನ ಆ್ಯಪ್ ಮಾತ್ರ ನಾಕ ವರ್ಷಕ್ಕ ಹಳೇವಾಗ್ತಾವು, ಕಂಪನಿಯವ್ರು ಲಕ್ಷ್ಯ ಕೊಡಂಗಿಲ್ಲ. ಆಗ ನೆಟ್ ಟಿವಿಯಿಂದನ ನೋಡ್ಕೋಬೇಕು. ಏನ್ ವೈನಿ, ಹೌದಲ್ರಿ?"

ಮಹೇಶ್ವರಿ ತಲೆಯಾಡಿಸಿದಳು.

ಅಯೂಬ ಆ ಯಂತ್ರಕ್ಕೆ ನೆಟ್ ಜೋಡಿಸಿ, ಬೇರೆ ಭಾಷೆಯಿಂದ ಕನ್ನಡಕ್ಕೆ ಡಬ್ ಮಾಡಿದ ಒಂದು ಸಿನಿಮಾ ಹಚ್ಚಿದ. ಸ್ಪೀಕರುಗಳಿಂದ ಕುದುರೆಗಳು ಕೋಣೆಯ ಸುತ್ತ ಓಡಿದಂತಾಯಿತು. ರಾಚಪ್ಪ ಹುಬ್ಬು ಗಂಟಿಕ್ಕಿದ.

"ಸಪ್ಪಳ ಭೇಷ್ ಐತಿ. ಮಾತ ತಿಳಿವೊಲ್ದು. ಬಾಯಾಗ ಬೆಲ್ಲಾ ಇಟ್ಕೊಂಡು ಮಾತಾಡ್ದಂಗ ಆಡ್ತಾರ."

ಅಯೂಬ ದನಿ ಏರಿಸಿದ. ಇನ್ನೂ ಏರಿಸಿದ. ಮಹೇಶ್ವರಿ ಕಿವಿ ಮುಚ್ಚಿಕೊಂಡಳು.

"ಇದು ಬ್ಯಾಡ. ಬ್ಯಾರೆ ತೋರಸು."

ಬೇರೆ ಕಂಪನಿಯದು ಬಂತು. ಅದೇ ಸಿನಿಮಾ. ಅದೂ ಬೇಡ. ಮತ್ತೊಂದು ಬಂತು. ಅದರಲ್ಲೂ ಮಾತು ತಿಳಿಯಲಿಲ್ಲ.

"ಅಯೂಬ, ನಿನ್ನ ಅಂಗಡ್ಯಾಗ ಒಂದಾದ್ರೂ ಸರೀ ಮಷಿನ್ ಐತೋ ಇಲ್ಲೋ? ಇಲ್ಲಂದ್ರ ಮಿಕ್ಸರ್ ಮಾರು!"

"ಕಾಕಾ, ನಿಮ್ಮಂಥ ಗಿರಾಕಿ ದಿನಕ್ಕೊಬ್ರು ಬಂದ್ರ ಮಿಕ್ಸರೂ ಮಾರಾಕ ಆಗಂಗಿಲ್ಲ," ಎನ್ನುತ್ತ ಅಯೂಬ ಮೊದಲು ಸಿನಿಮಾ ಹಚ್ಚಿದ್ದ ಯಂತ್ರಕ್ಕೇ ಹಳೆಯ ಕನ್ನಡ ಸಿನಿಮಾದ ಡಿಸ್ಕೊಂದನ್ನು ಹಾಕಿದ. ಇಬ್ಬರು ಬೀಗರು ವರದಕ್ಷಿಣೆಗೆ ಜಗಳಾಡುವ ನಗೆಯ ದೃಶ್ಯ. ರಾಚಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ.

"ಇದು ನೋಡು ಮಷಿನ್! ಒಂದೊಂದು ಮಾತು ಮುತ್ತಿನಂಗ!"

"ಕಾಕಾ, ನೀವು ಮೊದಲ ಬ್ಯಾಡ ಅಂದಿದ್ದು ಇದನ."

"ನನ್ನ ಮಳ್ಳ ಮಾಡ್ತೀ ಏನ್ಲೇ?"

ಆಗಲೇ ತೆರೆಯ ಮೇಲೆ ಬೀಗನೊಬ್ಬ ಗೋಡೆಯ ಕಡೆ ತಿರುಗಿ ಏನೋ ಗೊಣಗಿದ. ಅಯೂಬ ಗೊಳ್ಳೆಂದು ನಕ್ಕ. ಮಹೇಶ್ವರಿಗೂ ಬಹಳ ದಿನಗಳ ಮೇಲೆ ನಗು ಬಂತು. ರಾಚಪ್ಪ ಮಾತ್ರ ನಗಲಿಲ್ಲ. ಬೀಗ ಈ ಕಡೆ ತಿರುಗುವುದನ್ನೇ ಕಾಯುವವನಂತೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ.

ಅವಳ ನಗು ನಿಂತಿತು. ಮಾವ ಸಿನಿಮಾ ಕೇಳುತ್ತಿರಲಿಲ್ಲ. ತುಟಿಗಳನ್ನು ನೋಡುತ್ತಿದ್ದರು. ಡಬ್ ಮಾಡಿದ ಸಿನಿಮಾದಲ್ಲಿ ತುಟಿಗೂ ಮಾತಿಗೂ ಹೊಂದಿಕೆ ಇರುವುದಿಲ್ಲ. ಮಗ್ಗದ ಶೆಡ್ಡಿನ ಸದ್ದಿನಲ್ಲಿ ಯಾರಿಗೂ ಯಾರ ದನಿಯೂ ಕೇಳುವುದಿಲ್ಲ, ಎಲ್ಲರೂ ತುಟಿ ನೋಡಿ, ಕೈಸನ್ನೆ ನೋಡಿಯೇ ಮಾತಾಡುತ್ತಾರೆ ಎಂದು ಚೇತನ ಹೇಳುತ್ತಿದ್ದುದು ಅವಳಿಗೆ ನೆನಪಾಯಿತು. ಮನೆಯಲ್ಲಿ ದಾನಮ್ಮನದು ಗಂಟೆಯಂಥ ದನಿ. ತನ್ನದು ಬಾಗಿಲ ಹಿಂದಿನ ದನಿ.

ಅವಳು ರಾಚಪ್ಪನ ಕುರ್ಚಿಯ ಹಿಂದೆ ಹೋಗಿ, "ಮಾವಾರ, ಹಸಿವ್ಯಾಗೇತೇನ್ರಿ?" ಎಂದಳು. ಅವನು ತೆರೆಯಿಂದ ಕಣ್ಣು ತೆಗೆಯಲಿಲ್ಲ.

ಎದುರಿಗೆ ಬಂದು ನಿಂತಳು. ದನಿ ತೆಗೆಯದೆ, ಬರೀ ತುಟಿಗಳಲ್ಲಿ ಅದನ್ನೇ ಕೇಳಿದಳು.

"ಹೂಂ ನೋಡವಾ, ಭಾಳ ಆಗೈತಿ," ಎಂದ ರಾಚಪ್ಪ. ಸೊಸೆ ತಾನಾಗಿ ಕೇಳಿದಳೆಂದು ಅವನ ಮುಖ ಅರಳಿತ್ತು. ಅಯೂಬ ಅವನನ್ನೊಮ್ಮೆ ಇವಳನ್ನೊಮ್ಮೆ ನೋಡಿದ. ಮಹೇಶ್ವರಿ ಅವನಿಗೆ ಸುಮ್ಮನಿರುವಂತೆ ಕಣ್ಣಲ್ಲೇ ಹೇಳಿದಳು.

ಅಂದು ಏನನ್ನೂ ಕೊಳ್ಳದೆ ಹೊರಟರು. ದಾರಿಯಲ್ಲಿ ಹೇಳಬೇಕೆಂದು ಬಾಯಿ ತೆರೆದಳು. ರಸ್ತೆ ನೋಡುತ್ತ ಹೇಳಿದರೆ ಅದೂ ಅವನಿಗೆ ಮುಟ್ಟುವುದಿಲ್ಲ ಎಂದು ಹೊಳೆಯಿತು. ಅಮೀನಗಡದಲ್ಲಿ ಒಂದು ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ ಅವನ ಕಡೆ ಪೂರ್ತಿ ತಿರುಗಿದಳು.

"ಮಾವಾರ, ಅಂಗಡ್ಯಾಗ ಹಸಿವ್ಯಾಗೇತೇನು ಅಂತ ಕೇಳಿದ್ನೆಲ್ರಿ. ಆಗ ನಾ ದನಿ ತಗದಿದ್ದಿಲ್ರಿ. ಬರೇ ತುಟಿ ಅಲ್ಲಾಡಿಸಿದ್ದೆ."

ರಾಚಪ್ಪನಿಗೆ ತಿಳಿಯಲು ಕೊಂಚ ಹೊತ್ತು ಬೇಕಾಯಿತು. ತಿಳಿದ ಮೇಲೆ ಮುಖ ಕೆಂಪೇರಿತು.

"ಅಂದ್ರ? ನನ್ನ ಕೆಪ್ಪ ಅಂತೀ ಏನು?"

"ಕಿವಿ ತೋರಿಸೂಣ ಅಂತೇನ್ರಿ."

"ಯಾರಿಗೂ ತೋರಿಸೂದಿಲ್ಲ. ನಮ್ಮಪ್ಪನ ಹೆಸರು ನಿನಗ ಗೊತ್ತೈತೇನು? ಇಳಕಲ್‌ನ್ಯಾಗ ಯಾರಿಗೂ ಗೊತ್ತಿಲ್ಲ. 'ಕೆಪ್ಪನ ಮನಿ' ಅಂತ ಕೇಳಿದ್ರ ಸಣ್ಣ ಹುಡುಗ್ರೂ ತೋರಸ್ತಿದ್ರು. ಅಂವ ಎದುರಿಗಿದ್ದಾಗನ ಬೈತಿದ್ರು, ನಗತಿದ್ರು. ಅಂವಾನೂ ಅವ್ರ ಕೂಡ ನಗತಿದ್ದ, ಏನೋ ಚಲೋ ಅಂದಾರಂತ."

"ಕಣ್ಣಿಗೆ ಚಷ್ಮಾ ಹಾಕೀರೆಲ್ರಿ."

"ಚಷ್ಮಾ ಬ್ಯಾರೆ. ಚಷ್ಮಾ ಹಾಕಿದ್ರ ಸಾವಕಾರ ಕಂಡಂಗ ಕಾಣ್ತೇನಿ." ಅವನು ಕಿಟಕಿಯಾಚೆ ನೋಡುತ್ತ ಕೂತ. ಆಮೇಲೆ ಕೇಳಿದ: "ಅಷ್ಟು ಕಾಳಜಿ ಇದ್ದಾಕಿ ಎರಡು ವರ್ಷ ನನ್ನ ಕೂಡ ಯಾಕ ಮಾತಾಡ್ಲಿಲ್ಲ?"

ಮಹೇಶ್ವರಿ ಅವನು ತನ್ನ ಕಡೆ ತಿರುಗುವವರೆಗೆ ಸುಮ್ಮನಿದ್ದಳು.

"ದಿನಾ ಮಾತಾಡೇನ್ರಿ. ರೊಟ್ಟಿ ಹಾಕ್ಲೇನು, ನೀರು ಕಾದಾವು, ಹೋಗಿಬರ್ತೇನಿ. ದಿನಾ ಬಾಗಲ ಹಿಂದ ನಿಂತು ಹೇಳೇನ್ರಿ."

"ಬಾಗಲ ಹಿಂದ ಯಾಕ?"

ಅವಳು ಶಾರವ್ವ ಹೇಳಿದ್ದನ್ನು ಹೇಳಿದಳು. ದೂರಲಿಲ್ಲ. ಇದ್ದುದನ್ನಷ್ಟೇ ಹೇಳಿದಳು. ರಾಚಪ್ಪ ಅವಳ ತುಟಿಗಳನ್ನು ಬಿಡದೆ ನೋಡುತ್ತಿದ್ದ. ಹೇಳಿ ಮುಗಿದ ಮೇಲೂ ನೋಡುತ್ತಿದ್ದ.

"ನೀ ಎದುರಿಗೆ ಬಂದು ನಿಂತ್ರಷ್ಟ ನನಗ ಕೇಳ್ತೈತಿ," ಎಂದ ಕೊನೆಗೆ. "ನಾ ಏನೇನೋ ತಿಳಕೊಂಡಿದ್ದೆ ಮಹೇಶ್ವರಿ. ಗಂಡನ ಕೂಡ ನಮ್ಮನ್ನೂ ಬಿಟ್ಲು ಅಂತ."

"ನಾನೂ ಏನೇನೋ ತಿಳಕೊಂಡಿದ್ನಿರಿ."

ಸ್ವಲ್ಪ ಹೊತ್ತಿನ ಮೇಲೆ ರಾಚಪ್ಪ ಕೆಮ್ಮಿದ. "ಆ ಕಿವಿ ಡಾಕ್ಟರು ಎಲ್ಲಿ ಇರ್ತಾರ?"

ಮರುವಾರ ಅವರು ಬಾಗಲಕೋಟೆಯ ದವಾಖಾನೆಗೆ ಹೋದರು. ವರ್ಷಗಟ್ಟಲೆ ಮಗ್ಗದ ಸದ್ದಿಗೆ ಕಿವಿಯ ಒಳಭಾಗ ಸವೆದಿದೆ, ಸಣ್ಣ ದನಿಗಳು ಮೊದಲು ಹೋಗುತ್ತವೆ, ಹೋದದ್ದು ಬರುವುದಿಲ್ಲ, ಆದರೆ ಉಳಿದದ್ದನ್ನು ಯಂತ್ರದಿಂದ ಬಳಸಿಕೊಳ್ಳಬಹುದು ಎಂದರು ಡಾಕ್ಟರು. ಕಿವಿಗೆ ಯಂತ್ರ ಕೂರಿಸಿದಾಗ ರಾಚಪ್ಪ ಮೊದಲು ಕೇಳಿದ್ದು ಫ್ಯಾನಿನ ಸದ್ದನ್ನು. "ಇಷ್ಟು ದಿನ ಫ್ಯಾನು ಸಪ್ಪಳಿಲ್ದ ತಿರಗ್ತಾವು ಅಂತ ತಿಳಿದಿದ್ದೆ," ಎಂದ.

ಊರಿಗೆ ಬಂದವನು ಕೆಲಸಗಾರರಿಗೆಲ್ಲ ಕಿವಿ ಮುಚ್ಚುವ ದಪ್ಪ ಪಟ್ಟಿ ತಂದುಕೊಟ್ಟ. ನೇಕಾರ ಕಲ್ಲೇಶ ಅದನ್ನು ತಲೆಗೇರಿಸಿ, "ಯಜಮಾನ್ರ, ಮಗ್ಗಾ ಹೊಡೀಲ್ಯೋ ವಿಮಾನಾ ಹೊಡೀಲ್ಯೋ?" ಎಂದ.

"ಯಾವುದರೆ ಹೊಡಿ. ಕಿವಿ ಮುಚ್ಕೊಂಡು ಹೊಡಿ. ನನ್ನಂಗ ಕೆಪ್ಪ ಆಗಬ್ಯಾಡ." ಆ ಮಾತನ್ನು ಅವನು ಶೆಡ್ಡಿನ ನಡುವೆ ನಿಂತು ಎಲ್ಲರೆದುರೇ ಹೇಳಿದ. ಯಾರೂ ನಗಲಿಲ್ಲ.

ಸಿನಿಮಾದ ಯಂತ್ರವನ್ನು ಮಹೇಶ್ವರಿಯೇ ಆರಿಸಿದಳು. ರಾಚಪ್ಪ ಮೊದಲು ಬೇಡವೆಂದಿದ್ದ, ಡಿಸ್ಕ್ ಮತ್ತು ನೆಟ್ ಎರಡೂ ಇರುವುದೇ. ಅದರಲ್ಲಿ ಮಾತು ಬರುವ ನಡುವಿನ ಸ್ಪೀಕರನ್ನಷ್ಟೇ ಏರಿಸಬಹುದಿತ್ತು, ತೆರೆಯ ಕೆಳಗೆ ಮಾತುಗಳನ್ನು ಅಕ್ಷರದಲ್ಲೂ ತರಬಹುದಿತ್ತು.

ಕೋಣೆ ಸಿದ್ಧವಾದ ದಿನ ಶಾರವ್ವ ಬಂದಳು. ದಾನಮ್ಮ ಹೊಸ ಯಂತ್ರಕ್ಕೆ ವಿಭೂತಿ, ಕುಂಕುಮ ಹಚ್ಚುತ್ತಿದ್ದಳು. ಮಹೇಶ್ವರಿ ಕೆಳಗಿನಿಂದ ಕಾಯಿ ತರಲು ಹೋಗಿದ್ದಳು. ರಾಚಪ್ಪ ಬೆನ್ನು ತಿರುಗಿಸಿ ಕೂತು ಡಿಸ್ಕುಗಳನ್ನು ಒರೆಸುತ್ತಿದ್ದ. ಬೆನ್ನು ತಿರುಗಿಸಿದ ರಾಚಪ್ಪನಿಗೆ ಲಕ್ಷ್ಯ ಇರುವುದಿಲ್ಲ ಎಂಬುದು ಮನೆಯವರಿಗೆಲ್ಲ ರೂಢಿ. ಬಾಗಿಲ ಬಳಿ ಕೂತಿದ್ದ ಶಾರವ್ವ ಸಣ್ಣ ದನಿಯಲ್ಲಿ, "ದಾನಮ್ಮಾ, ಚಾಲೂ ಮಾಡೂ ಮುಂದ ಅಕೀನ ಕೆಳಗ ಇರಾಕ ಹೇಳು. ಹೊಸಾ ಸಾಮಾನು," ಎಂದಳು.

"ಅಕ್ಕಾ, ಕೇಳ್ತು ನನಗ," ಎಂದ ರಾಚಪ್ಪ.

ಶಾರವ್ವ ಬೆಚ್ಚಿದಳು. "ಏನ್ ಕೇಳ್ತು?"

"ನೀ ಅಂದಿದ್ದು ಎಲ್ಲಾ." ಅವನು ತಿರುಗಿದ. ದನಿಯಲ್ಲಿ ಸಿಟ್ಟಿರಲಿಲ್ಲ. "ಅಕಿ ಕೆಳಗಿದ್ರ ಇದನ್ನ ಚಾಲೂ ಮಾಡಾಕ ನಿನಗ ಬರ್ತೈತೇನು, ನನಗ ಬರ್ತೈತೇನು?"

"ನಾ ಕೆಟ್ಟ ಮನಸ್ಸಿಲೆ ಅಂದಿಲ್ಲಪಾ," ಎಂದಳು ಶಾರವ್ವ. "ಹೊರಗಿನವ್ರು ಅಂದು ನೋಯಸೂಕಿಂತ ಮೊದಲ ಮನಿಯವ್ರು ಹೇಳೂದು ಚಲೋ ಅಂತ ಹೇಳೇನಿ. ನನಗ ಇಪ್ಪತ್ತನಾಕನೇ ವರ್ಷಕ್ಕ ಹಿಂಗಾತು. ನಿನ್ನ ಲಗ್ನದಾಗ ಎಲ್ಲರ ನಡುವ ನನ್ನ ಎಬ್ಬಿಸಿ ಒಳಗ ಕಳಿಸಿದ್ರು. ಆವತ್ತಿನಿಂದ ನಾನ ಬಾಗಲದಾಗ ಕುಂದರ್ತೇನಿ. ಎಬ್ಬಸೂ ಕೆಲಸ ಇರಂಗಿಲ್ಲ."

ರಾಚಪ್ಪನ ಕೈಯಲ್ಲಿದ್ದ ಡಿಸ್ಕು ಹಾಗೆಯೇ ನಿಂತಿತು. ತನ್ನ ಲಗ್ನದಲ್ಲಿ ಅಕ್ಕ ಎಲ್ಲಿದ್ದಳೆಂದು ಅವನು ಈವರೆಗೆ ಯೋಚಿಸಿರಲಿಲ್ಲ.

ಮೆಟ್ಟಿಲ ಮೇಲೆ ಮಹೇಶ್ವರಿ ಕಾಯಿ ಹಿಡಿದು ನಿಂತಿದ್ದಳು. ಎಷ್ಟು ಕೇಳಿದ್ದಳೋ. ಒಳಗೆ ಬಂದು ಕಾಯಿಯನ್ನು ದಾನಮ್ಮನಿಗೆ ಕೊಟ್ಟಳು. ಮುಂದಿನ ಸಾಲಿನಲ್ಲಿ ಎರಡು ಕುರ್ಚಿಗಳನ್ನು ಜೋಡಿಸಿದಳು.

"ದೊಡ್ಡತ್ತಿ, ಮುಂದ ಬರ್ರಿ. ಅಲ್ಲಿಂದ ಅಕ್ಷರ ಕಾಣಂಗಿಲ್ಲ."

"ನನಗ ಓದಾಕ ಎಲ್ಲಿ ಬರ್ತೈತಿ ತಗಿ."

"ನಾ ಓದಿ ಹೇಳ್ತೇನ್ರಿ."

"ಬಾದಾಮಿಗೆ ಹೋಗಾಕಿ ಅಂದ್ರು ನಿನ್ನ?"

"ಇಲ್ರಿ. ಇಲ್ಲೇ ಇರ್ತೇನಿ."

ಶಾರವ್ವ ತಮ್ಮನ ಮುಖ ನೋಡಿದಳು. ಅವನು ಎದ್ದು ಬಂದು ಕೈ ಚಾಚಿದ. ಅವಳು ಮೊಣಕಾಲಿಗೆ ಕೈಯೂರಿ ಎದ್ದು, ಕೋಣೆಯನ್ನು ದಾಟಿ, ಆ ಕುರ್ಚಿಯ ಅಂಚಿನಲ್ಲಿ ಕೂತಳು. ಯಾರೂ ಎಬ್ಬಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಿಂದಕ್ಕೆ ಸರಿದು ಬೆನ್ನು ಆನಿಸಿದಳು.