ನಾಲ್ಕು ಸಾವಿರದ ಇನ್ನೂರು ಗಜ

ಬಾಯಲ್ಲಿ ತಾಮ್ರದ ರುಚಿ, ತುಟಿ ಕಚ್ಚಿಕೊಂಡಿರಬೇಕು, ಇಲ್ಲಾ ತೋಪಿನ ಹೊಗೆಯೋ, ಹೊಗೆಗೂ ರುಚಿ ಇರುತ್ತದೆಯೇ, ಹೆಡ್ಲಿ ಪೆನ್‌ರೋಸ್ ದೂರಮಾಪಕದ ಗಾಜಿನಿಂದ ಕಣ್ಣು ಕೀಳದೆ ನಿಂತೇ ಇದ್ದಾನೆ, ಗುಂಡು ನಿಲ್ಲಿಸುವ ಗಂಟೆ ಆಗಲೇ ಬಡಿದಾಯಿತು, ಬ್ರಿಟಿಷ್ ಕ್ರೂಸರ್ ಯುದ್ಧನೌಕೆಯ ಐದೂ ತೋಪು ಸುಮ್ಮನಾದವು, ಕಿವಿ ಮಾತ್ರ ಇನ್ನೂ ಗುಂಯ್ ಅನ್ನುತ್ತಿದೆ — ಲೇ ಹೆಡ್ಲಿ, ಬಿಡೋ ಅದನ್ನ, ನಮ್ಮೋರಂತೆ ಕಣೋ, ನಮ್ಮದೇ ಕಾವಲು ಹಡಗಂತೆ — ಪಕ್ಕದ ಎನಿಸ್‌ನ ದನಿ ಹೀಗೆ ಒಡೆದದ್ದನ್ನು ಎರಡು ವರ್ಷದಲ್ಲಿ ಕೇಳಿಲ್ಲ, ನಮ್ಮೋರು ಹೇಗಾಗುತ್ತಾರೆ, ಬೆಳಗಿನ ಮಂಜಿನಲ್ಲಿ ಮೂರು ಸಲ ದೀಪ ಮಿನುಗಿಸಿ ಗುರುತು ಕೇಳಿದ್ದೆವಲ್ಲ, ಅತ್ತಲಿಂದ ಒಂದು ಕಿಡಿಯೂ ಬರಲಿಲ್ಲವಲ್ಲ, ಆಮೇಲೆ ತಾನೇ ಲೆಫ್ಟಿನೆಂಟ್ ಹಾರ್ಕೋರ್ಟ್ ಕೂಗಿದ್ದು, ಪೆನ್‌ರೋಸ್, ದೂರ ಎಷ್ಟು? ಈ ಗಾಜಿನಲ್ಲಿ ಯಾವ ಹಡಗಾದರೂ ಮೊದಲು ಎರಡು ತುಂಡಾಗಿಯೇ ಕಾಣುವುದು, ಮೇಲರ್ಧ ಅತ್ತ, ಕೆಳಗರ್ಧ ಇತ್ತ, ಚಕ್ರ ತಿರುಗಿಸುತ್ತ ಎರಡನ್ನೂ ಕೂಡಿಸಬೇಕು, ಕೂಡಿದ ಕ್ಷಣ ಮುಳ್ಳು ನಿಂತಲ್ಲಿ ದೂರ, ಹುಟ್ಟೂರು ಪೆನ್ಜಾನ್ಸ್‌ನಲ್ಲಿ ಅಪ್ಪ ಗೋಡೆಗೆ ಹೂವಿನ ಕಾಗದ ಅಂಟಿಸುತ್ತಿದ್ದ, ಬಳ್ಳಿಗೆ ಬಳ್ಳಿ ಕೂಡಬೇಕು ಮಗಾ, ಸಂದು ಕಂಡರೆ ಮಾನ ಹೋದ ಹಾಗೆ, ಆ ಕಣ್ಣೇ ಇವನನ್ನು ನೌಕಾಪಡೆಯಲ್ಲಿ ಇಷ್ಟು ಮೇಲೆ ಹತ್ತಿಸಿದ್ದು, ಕಣ್ಣಲ್ಲವೋ ಇದು ಸೂಜಿ ಎಂದು ಪರೀಕ್ಷೆಯವರು ಬೆನ್ನು ತಟ್ಟಿದ್ದರು — ಮಂಜು ಒಂದಿಷ್ಟು ಹರಿದಾಗ ಅಲ್ಲಿ, ಆ ಹಡಗಿನ ಹಿಂಬದಿಯ ಅಟ್ಟದ ಮೇಲೆ, ಬಕೆಟ್ಟಿನ ಮುಂದೆ ಒಬ್ಬ ಮನುಷ್ಯ, ಮುಖದ ಅರ್ಧಕ್ಕೆ ಬಿಳಿ ನೊರೆ, ಗಡ್ಡ ಹೆರೆದುಕೊಳ್ಳುತ್ತಿದ್ದಾನೆ, ಅವನೂ ಎರಡು ತುಂಡು, ತಲೆ ಎದೆ ಒಂದು ಕಡೆ, ಸೊಂಟ ಕಾಲು ಇನ್ನೊಂದು ಕಡೆ, ಹೇಳಿದನಲ್ಲ ಹೆಡ್ಲಿ, ಹೇಳಲಿಲ್ಲವೇ, ಸರ್, ಯಾರೋ ಆರಾಮಾಗಿ ಗಡ್ಡ ಹೆರೀತಿದಾನೆ ಸರ್, ನಮ್ಮೇಲೆ ಬರೋರ ಥರ ಇಲ್ಲ, ಅದಕ್ಕೆ ಹಾರ್ಕೋರ್ಟ್, ಜರ್ಮನ್ನರಿಗೂ ಗಡ್ಡ ಬೆಳೆಯತ್ತಯ್ಯಾ, ನಿನ್ನನ್ನ ಕೇಳಿದ್ದು ದೂರ — ಚಕ್ರ ತಿರುಗಿತು, ಕೈ ತಾನಾಗಿ ತಿರುಗಿಸಿತು, ಇಲ್ಲ, ಕೈ ಯಾರದು, ನಾಲ್ಕು ಸಾವಿರದ ಇನ್ನೂರು ಎಂದು ಕೂಗಿದ ಬಾಯಿ ಯಾರದು, ಅದು ಮಾತಿನ ಕೊಳವೆಯಲ್ಲಿ ಕೆಳಗಿನ ಲೆಕ್ಕದ ಕೋಣೆಗೆ ಇಳಿಯಿತು, ಅಲ್ಲಿಂದ ತೋಪುಗಳ ಮುಳ್ಳುಗಳಿಗೆ, ಮೇಲೆ ಗುರಿಗಾರ ಒಂದೇ ಒಂದು ಟ್ರಿಗರ್ ಒತ್ತಿದ, ಐದೂ ಒಟ್ಟಿಗೆ ಸಿಡಿದವು, ಮೊದಲ ಸುತ್ತು ಸ್ವಲ್ಪ ಆಚೆ, ಎರಡನೆಯದು — ನೂರು ಗಜ ತಪ್ಪು ಹೇಳಬಹುದಿತ್ತು, ಯಾರಿಗೆ ತಿಳಿಯುತ್ತಿತ್ತು, ಯಾಕೆ ಹೊಳೆಯಲಿಲ್ಲ.

ಏಣಿ ಇಳಿದದ್ದು ನೆನಪಿಲ್ಲ, ಕಾಲ ಕೆಳಗೆ ಈಗ ಒದ್ದೆ ಹಲಗೆ, ದೋಣಿಯಿಂದ ಆ ಕಾವಲು ಹಡಗಿನವರನ್ನು ಒಬ್ಬೊಬ್ಬರನ್ನೇ ಎತ್ತಿ ಮಲಗಿಸುತ್ತಿದ್ದಾರೆ, ಹನ್ನೊಂದು, ಹನ್ನೆರಡು, ಹೆಡ್ಲಿ ಒಂದೊಂದೇ ಮುಖ ನೋಡುತ್ತ ಹೋಗುತ್ತಾನೆ, ಅರ್ಧ ಬೋಳಿಸಿದ ಕೆನ್ನೆ, ಒಂದು ಕಡೆ ಗಡ್ಡ ಒಂದು ಕಡೆ ನುಣುಪು, ಯಾರದಾದರೂ ಇರಬಾರದೇ, ಇಲ್ಲ, ಎಲ್ಲರದೂ ಎಣ್ಣೆ ಬಳಿದ ಕಪ್ಪು, ಕಂಬಳಿ ಹೊದ್ದ ಬಾಯ್ಲರಿನ ಬೆಂಕಿ ನೋಡಿಕೊಳ್ಳುವ ಮುದಿ ಆಳೊಬ್ಬ ಕೋಕೋ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಾನೆ, ನಮ್ಮ ದೀಪ ಕೆಟ್ಟಿತ್ತು ಮಾರಾಯ, ಬಾವುಟ ಏರಿಸೋಕೆ ಓಡ್ತಿದ್ರು, ಅಷ್ಟರಲ್ಲಿ ಗುಂಡು ಬಿತ್ತು, ಎರಡನೇ ಸಲಕ್ಕೇ ಬಿತ್ತಲ್ಲ, ದೂರ ಹೇಳಿದವನು ಯಾರಪ್ಪ ನಿಮ್ಮಲ್ಲಿ? ಎನಿಸ್ ತೋಳು ಹಿಡಿದೆಳೆಯುತ್ತಾನೆ, ಬಾರೋ, ಸುಮ್ನೆ ಬಾ, ಏನೂ ಹೇಳಬೇಡ — ನಾನು, ಎನ್ನುತ್ತಾನೆ ಹೆಡ್ಲಿ, ನಾನೇ ಹೇಳಿದ್ದು. ಮುದುಕ ತಲೆಯೆತ್ತಿ ನೋಡಿದ, ಬೈಯಲಿ, ಉಗಿಯಲಿ, ಆ ಲೋಟ ಮುಖಕ್ಕೆ ಎಸೆಯಲಿ, ಎಷ್ಟು ಹೇಳಿದೆ ನೀನು, ಎಂದ, ನಾಲ್ಕು ಸಾವಿರದ ಇನ್ನೂರು, ಮುದುಕ ತಲೆಯಾಡಿಸಿದ, ಸರಿಯಾಗೇ ಹೇಳಿದೀಯ, ಅಂದು ಲೋಟದೊಳಕ್ಕೆ ಮುಖ ತಗ್ಗಿಸಿದ, ಸರಿಯಾಗೇ, ಸರಿಯಾಗೇ, ಕಣ್ಣೊಳಗೆ ಚಕ್ರ ಮತ್ತೆ ಒಂದು ಎಳೆಯಷ್ಟು ತಿರುಗುತ್ತದೆ, ತಲೆ ಎದೆ ಬಲಕ್ಕೆ ಸರಿದು ಸೊಂಟದ ಮೇಲೆ ಬಂದು ಕೂಡುತ್ತವೆ, ಸಂದು ಇಲ್ಲ, ಇಡೀ ಮನುಷ್ಯ, ಕೆನ್ನೆಯ ಮೇಲೆ ನೊರೆ, ಕ್ಷೌರದ ಕತ್ತಿ ಎತ್ತಿದ ಕೈ, ಕತ್ತಿ ಎತ್ತಿದ ಕೈ —