ಬಡೇ ಸಾಬ್‌ನ ವಯಸ್ಸು

ಹೇಳಿಬಿಡಲೇ? ಹೇಳಿದರೆ ವಕಾರ್ ಭಾಯ್ ಗಾಳ ಮುಟ್ಟುವುದನ್ನೇ ಬಿಡಬಹುದು. ಹೇಳದಿದ್ದರೆ ಇನ್ನೊಂದು ಮೀನನ್ನು ಇಷ್ಟೇ ಪ್ರೀತಿಯಿಂದ ಸಾಯಿಸುತ್ತಾರೆ.

ಸಿದ್ಧಲಿಂಗೇಶ ಸತ್ತ ಕಾಟ್ಲಾ ಮೀನಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಮೀನುಗಾರಿಕೆ ಓದಿದ ಅವನಿಗೆ ಸಿಕ್ಕಿದ್ದು ದೊಮ್ಮಲೂರಿನ ವಿಮೆ ಆಫೀಸಿನಲ್ಲಿ ಕೆಲಸ. ಅಲ್ಲಿ ಮನುಷ್ಯರ ಸಾವಿನ ಕಾರಣಗಳನ್ನು ಪರಿಶೀಲಿಸುತ್ತಿದ್ದ.

ಮೀನಿನ ತುಟಿಯ ಎಡಬದಿ ಹರಿದಿತ್ತು, ಯಾವ ಮೀನೆಂಬ ಅನುಮಾನವಿರಲಿಲ್ಲ. ಪುಲಿಕೇಶಿನಗರದಲ್ಲಿ ಕನ್ನಡಕದ ಅಂಗಡಿ ಇಟ್ಟಿರುವ ವಕಾರ್, ಕೆ.ಆರ್. ಪುರದ ಆಚೆಯ ಈ ಕೆರೆಯಲ್ಲಿ ವರ್ಷಕ್ಕೊಮ್ಮೆಯಾದರೂ ಅದನ್ನು ಹಿಡಿದು ಮತ್ತೆ ನೀರಿಗೆ ಬಿಡುತ್ತಿದ್ದರು. ಬಡೇ ಸಾಬ್ ಎಂದು ಹೆಸರಿಟ್ಟಿದ್ದರು. ಹೋದ ಭಾನುವಾರ ಮತ್ತೆ ಸಿಕ್ಕಿತು. ತುಟಿಯ ಗಾಯಕ್ಕೆಂದು ಮನೆಯಿಂದ ಅರಿಶಿನ ತಂದಿದ್ದರು. ಒದ್ದೆ ಮೈಗೆ ಅದು ನಿಲ್ಲುವುದಿಲ್ಲವೆಂದು ಮೀನನ್ನು ದಡದಲ್ಲಿ ಮಲಗಿಸಿ, ಒಣ ಟವೆಲಿನಿಂದ ತಲೆಯಿಂದ ಬಾಲದವರೆಗೆ ಒರೆಸಿದರು. ಸಿದ್ಧಲಿಂಗೇಶ ಟೀ ತಂದಾಗ ಮೀನು ನೀರಿಗೆ ಹೋಗಿತ್ತು. ಅದನ್ನು ರೋಗದಿಂದ ಕಾಯಬೇಕಿದ್ದ ಮೈಲೋಳೆಯೆಲ್ಲ ಟವೆಲಿನಲ್ಲಿತ್ತು.

ಈಗ ಒರೆಸಿದಲ್ಲೆಲ್ಲ ಹತ್ತಿಯಂತೆ ಬಿಳಿ ಬೂಷ್ಟು.

"ಎಷ್ಟ್ ಸಲ ಹಿಡಿದು ಬಿಟ್ರಿ ಭಾಯ್," ಕೆರೆ ಕಾಯುವ ಮುನಿರಾಜಪ್ಪ ಹೇಳಿದ. "ಮೊದಲನೇ ಸಲಾನೇ ಸಾರು ಮಾಡ್ಬಿಟ್ಟಿದ್ರೆ ಇಬ್ರಿಗೂ ನೆಮ್ಮದಿ ಇರ್ತಿತ್ತು."

"ಚುಪ್ ರಹೋ! ಮಯ್ಯತ್ ಮುಂದೆ, ಹೆಣದ ಮುಂದೆ ಸಾರಿನ ಮಾತಾ?" ವಕಾರ್ ಸಿದ್ಧಲಿಂಗೇಶನ ಕಡೆ ತಿರುಗಿದರು. "ನೀನು ಓದಿದವ್ನು, ನೋಡಿ ಹೇಳು ಬೇಟಾ. ವಯಸ್ಸಾಗಿತ್ತಲ್ವಾ?"

ಸಿದ್ಧಲಿಂಗೇಶ ಮೀನಿನ ಮೈಯಿಂದ ಒಂದು ಹುರುಪೆ ಕಿತ್ತು ಬಿಸಿಲಿಗೆ ಹಿಡಿದ. ವಕಾರ್ ಜೇಬಿನಿಂದ ಭೂತಗನ್ನಡಿ ಕೊಟ್ಟರು. ಮರದ ಉಂಗುರಗಳಂಥ ಗೆರೆಗಳು ಆರು ವರ್ಷ ಎಂದವು. ಕಾಟ್ಲಾ ಅದರ ಎರಡರಷ್ಟು ಬದುಕಬಲ್ಲದು.

"ಆಗಿತ್ತು ಭಾಯ್."

ವಕಾರ್ ಉಸಿರು ಬಿಟ್ಟರು.

"ಆದ್ರೆ ಇನ್ಮೇಲೆ ಒರೆಸ್ಬೇಡಿ. ನೀರಲ್ಲೇ ಕೊಕ್ಕೆ ತೆಗೆದು ಬಿಟ್ಬಿಡಿ."

"ಯಾಕೆ?"

"ಚಿಕ್ಕ ಮೀನುಗಳಿಗೆ ಆಗ್ಬರಲ್ಲ."

"ದೊಡ್ಡವುಕ್ಕೆ ಆಗ್ಬರತ್ತಾ?" ಎಂದ ಮುನಿರಾಜಪ್ಪ.

ಸಿದ್ಧಲಿಂಗೇಶ ಎದ್ದು ಗುದ್ದಲಿ ಕೇಳಿದ. ಮೀನನ್ನು ಹೊಂಗೆ ಮರದ ಬುಡದಲ್ಲಿ ಹೂತರು. ವಾಪಸು ಬರುವಾಗ ಸಿದ್ಧಲಿಂಗೇಶನ ಸ್ಕೂಟರಿನ ಹಿಂದೆ ಕೂತ ವಕಾರ್ ಚೀಲದಿಂದ ಆ ಟವೆಲು ತೆಗೆದು, ಮನೆ ಬರುವವರೆಗೂ ಬೆರಳುಗಳಿಂದ ಉಜ್ಜಿ ನೋಡುತ್ತಿದ್ದರು. 

ಮುಂದಿನ ಭಾನುವಾರ ಅವರ ಗಾಳಕ್ಕೆ ಎಳೆಯ ಕಾಟ್ಲಾ ಸಿಕ್ಕಿತು. ವಕಾರ್ ಪ್ಯಾಂಟು ಮಡಚಿ ಮೊಣಕಾಲುದ್ದ ನೀರಿಗಿಳಿದರು. ಎರಡೂ ಕೈ ಒದ್ದೆ ಮಾಡಿಕೊಂಡು, ಮೀನನ್ನು ಮೇಲೆತ್ತದೆ ಕೊಕ್ಕೆ ಬಿಡಿಸಿದರು. ಅದು ಹೋದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. 

ಬಡೇ ಸಾಬ್ ಇನ್ನೂ ಆರು ವರ್ಷ ಬದುಕಬಹುದಿತ್ತು ಎಂದು ಸಿದ್ಧಲಿಂಗೇಶ ಅವರಿಗೆ ಯಾವತ್ತೂ ಹೇಳಲಿಲ್ಲ.